ರೂಟ್ ಕೆನಾಲ್ ಆದ ಹಲ್ಲಿಗೆ ಬಲ ಕೊಡೋದು ಯಾವುದು: ಸೀಲರ್, ಕೋರ್ ಅಥವಾ ಕ್ಯಾಪ್?

ಕೆಳದವಡೆ (ಪ್ರಶ್ನೆ)

ಕೆಳಗಿನ ಮೊದಲ ದವಡೆಹಲ್ಲು. ನಾಳಗಳನ್ನು ಹಿಗ್ಗಿಸಿ ತೊಳೆದಾಗಿದೆ, ಇನ್ನು ತುಂಬುವ ಹಂತ. ಮುಂದಿನ ಮತ್ತು ಹಿಂದಿನ ಎರಡೂ ಅಂಚುಗಳು ಹುಳುಕಿಗೆ ಹೋಗಿವೆ. ಅಂದರೆ ಮುಂದು, ಮೇಲ್ಮೈ, ಹಿಂದು ಮೂರಕ್ಕೂ ಹರಡಿದ ಎಂಒಡಿ ಕುಳಿ, ಅದರ ನಡುವೆ ಪಲ್ಪ್ (ಹಲ್ಲಿನೊಳಗಿನ ನರ-ರಕ್ತನಾಳದ ತಿರುಳು) ಕೋಣೆಗೆ ದಾರಿ. ಕೆನ್ನೆ ಕಡೆಯ ಗೋಡೆ ಬುಡದಲ್ಲಿ 2.5 ಮಿ.ಮೀ., ನಾಲಿಗೆ ಕಡೆಯದು 1.5 ಮಿ.ಮೀ. ಉಳಿದಿದೆ. ಕುಳಿಯ ಕೆಳ ಅಂಚುಗಳು ವಸಡಿನ ಮೇಲೇ ಇವೆ, ಬಿರುಕು ಕಾಣುತ್ತಿಲ್ಲ.

ಗೊಂದಲ ಮೂರು ಕಡೆ. ಬಯೋಸೆರಾಮಿಕ್ ಸೀಲರ್ (ನಾಳದ ಸಂದಿ ಮುಚ್ಚುವ ಲೇಪ) ಬೇರನ್ನು ಗಟ್ಟಿ ಮಾಡುತ್ತದೆ ಎನ್ನುತ್ತಾರೆ, ಎಪಾಕ್ಸಿ ರೆಸಿನ್‌ಗೂ ಹಾಗೇ ಹೇಳುತ್ತಾರೆ. ಇದರಲ್ಲಿ ಎಷ್ಟು ನಿಜ? ಕೋರ್‌ಗೆ (ಹಲ್ಲಿನ ಮೇಲ್ಭಾಗದ ಒಳಗೆ ತುಂಬುವ ಗಡ್ಡೆ) ಅಮಾಲ್ಗಮ್, ಗ್ಲಾಸ್ ಅಯಾನೊಮರ್, ಕಂಪಾಸಿಟ್, ನಾರು ಬೆರೆತ ಕಂಪಾಸಿಟ್ ಇವುಗಳಲ್ಲಿ ಯಾವುದು? ಬಾಂಡ್ ಆದ ಕಂಪಾಸಿಟ್ ಗೋಡೆಗಳನ್ನು ಹಿಡಿದಿಟ್ಟುಕೊಂಡರೆ ಕಸ್ಪ್‌ಗಳನ್ನು (ಅಗಿಯುವ ಮೇಲ್ಮೈಯ ಉಬ್ಬುಗಳು) ತಗ್ಗಿಸದೆ ಹಾಗೇ ಬಿಡಬಹುದಾ? ಪ್ರಯೋಗಾಲಯದ ವರದಿಗಳು ಒಂದಕ್ಕೊಂದು ಹೊಂದುವುದಿಲ್ಲ, ಅದಕ್ಕೇ ಕೇಳುತ್ತಿದ್ದೇನೆ.

ನಾಳಶೋಧಕ

ಬಲ ಎಲ್ಲಿ ಹೋಯಿತು ಅಂತ ಮೊದಲು ನೋಡೋಣ, ತುಂಬುವ ಮಾತು ಆಮೇಲೆ.

ರೂಟ್ ಕೆನಾಲ್ ಆದ ಹಲ್ಲು ಒಣಗಿ ಪೆಡಸಾಗುತ್ತದೆ, ಅದಕ್ಕೇ ಮುರಿಯುತ್ತದೆ ಅನ್ನುವ ಮಾತು ಇನ್ನೂ ಓಡಾಡುತ್ತಿದೆ. 1992ರಲ್ಲಿ ಸೆಡ್ಜ್‌ಲಿ ಮತ್ತು ಮೆಸ್ಸರ್ ಒಬ್ಬರದೇ ಬಾಯಿಯ ಎಡ-ಬಲ ಹಲ್ಲುಗಳನ್ನು ಜೋಡಿ ಮಾಡಿ, ಚಿಕಿತ್ಸೆಯಾದದ್ದನ್ನೂ ಜೀವಂತವಾಗಿದ್ದುದನ್ನೂ ಹೋಲಿಸಿದರು. ಪೆಡಸುತನದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಸಿಗಲಿಲ್ಲ. ಹೋಗಿರುವುದು ನೀರಲ್ಲ, ಎನಾಮಲ್ ಒಳಗಿನ ಗಟ್ಟಿ ಭಾಗವಾದ ಡೆಂಟಿನ್. 1989ರಲ್ಲಿ ರೀಹ್, ಮೆಸ್ಸರ್ ಮತ್ತು ಡಗ್ಲಾಸ್ ಮುಂದವಡೆ ಹಲ್ಲುಗಳ ಮೇಲೆ ಅಳೆದಾಗ, ಬೇರುನಾಳಕ್ಕೆಂದು ಕೊರೆದ ದಾರಿಯಿಂದ ಹಲ್ಲಿನ ಬಿಗುವು ಕಮ್ಮಿಯಾದದ್ದು ಶೇ. 5ರಷ್ಟು ಮಾತ್ರ. ಮೇಲ್ಮೈಯ ಸಾಮಾನ್ಯ ಕುಳಿಯಿಂದ ಶೇ. 20, ಎಂಒಡಿ ಕುಳಿಯಿಂದ ಶೇ. 63. ನಿಮ್ಮ ಹಲ್ಲು ಮೂರನೆಯ ಗುಂಪಿನದು. ರೂಟ್ ಕೆನಾಲ್‌ನಿಂದ ಹಲ್ಲು ದುರ್ಬಲವಾಯಿತು ಅನ್ನುವುದಕ್ಕಿಂತ, ರೂಟ್ ಕೆನಾಲ್ ಬೇಕಾಗುವಷ್ಟು ಹುಳುಕು ತಿಂದ ಹಲ್ಲು ಮೊದಲೇ ದುರ್ಬಲವಾಗಿತ್ತು ಅನ್ನುವುದು ಸರಿ.

ಇನ್ನೊಂದು ಲೆಕ್ಕವೂ ಇದೆ. ಎರಡೂ ಅಂಚು ಹೋದ ಮೇಲೆ ಪ್ರತಿ ಗೋಡೆಯೂ ಬುಡದಲ್ಲಷ್ಟೇ ಹಿಡಿತವಿರುವ ಹಲಗೆ. ಕಸ್ಪ್ ತುದಿಯ ಮೇಲೆ ಬಲ ಬಿದ್ದರೆ ಅದು ಎಷ್ಟು ಬಾಗುತ್ತದೆ ಅನ್ನುವುದು ಎತ್ತರದ ಘನಕ್ಕೆ ಅನುಗುಣವಾಗಿ ಏರುತ್ತದೆ, ದಪ್ಪದ ಘನಕ್ಕೆ ಅನುಗುಣವಾಗಿ ಇಳಿಯುತ್ತದೆ. ಮಾಮೂಲಿ ಕುಳಿಯಲ್ಲಿ ಗೋಡೆಯ ಎತ್ತರ ಕುಳಿಯ ತಳದಿಂದ ಎಣಿಕೆ. ಪಲ್ಪ್ ಕೋಣೆ ತೆರೆದ ಮೇಲೆ ಕೋಣೆಯ ತಳದಿಂದ. ಎತ್ತರ ಇಮ್ಮಡಿಯಾದರೆ ಬಾಗುವುದು ಎಂಟು ಪಟ್ಟು. ನಿಮ್ಮ 1.5 ಮಿ.ಮೀ. ಗೋಡೆ ಅದೇ ಎತ್ತರದ 3 ಮಿ.ಮೀ. ಗೋಡೆಗಿಂತ ಸುಮಾರು ಎಂಟು ಪಟ್ಟು ಬಾಗುತ್ತದೆ. ಹಲ್ಲು ನಿಜವಾಗಿ ಹಲಗೆಯಂತೆ ಸಮನಾಗಿಲ್ಲ, ಆದರೂ ದಿಕ್ಕು ಇದೇ.

ಈಗ ಸೀಲರ್. ಡೆಂಟಿನ್‌ನ ಸ್ಥಿತಿಸ್ಥಾಪಕತ್ವದ ಮಾಪಾಂಕ (ವಸ್ತುವಿನ ಬಿಗುವಿನ ಅಳತೆ) ಹೆಚ್ಚುಕಮ್ಮಿ 15ರಿಂದ 18 ಗಿಗಾಪ್ಯಾಸ್ಕಲ್. ನಾಳ ತುಂಬುವ ರಬ್ಬರಿನಂಥ ಗಟ್ಟಾಪರ್ಚಾದ್ದು ಸುಮಾರು 0.1. ನೂರು ಪಟ್ಟಿಗೂ ಮೀರಿದ ಅಂತರ. ಅಷ್ಟು ಮೆತ್ತಗಿನ ತಿರುಳು ತನ್ನ ಸುತ್ತಲಿನ ಕೊಳವೆಯ ಹೊರೆಯನ್ನು ಹಂಚಿಕೊಳ್ಳಲಾರದು, ಎಷ್ಟೇ ಅಂಟಿಕೊಂಡಿರಲಿ. ಸೀಲರ್ ಗಟ್ಟಿಯಾಗುತ್ತದೆ ನಿಜ, ಆದರೆ ಅದು ತೆಳು ಪೊರೆ. ಐಎಸ್ಒ 6876 ಮಾನದಂಡದ ಪರೀಕ್ಷೆಯಲ್ಲಿ ಪೊರೆಯ ದಪ್ಪ 50 ಮೈಕ್ರಾನ್ ಮೀರಬಾರದು. ಆ ಪೊರೆ ಬೇರನ್ನು ಹೊತ್ತು ನಿಲ್ಲುತ್ತದೆ ಅನ್ನುವುದು ಲೆಕ್ಕಕ್ಕೆ ಕೂರದ ಮಾತು.

ಇಡೀ ನಾಳವನ್ನು ಒಂದೇ ಅಂಟಿನ ಗಡ್ಡೆ ಮಾಡುತ್ತೇವೆ ಎಂದು ರೆಸಿಲಾನ್ ಬಂದಿತ್ತು. ಅದರ ಮಾಪಾಂಕವೂ ಗಟ್ಟಾಪರ್ಚಾದಷ್ಟೇ ಕೆಳಗಿತ್ತು, ಮೇಲಾಗಿ ಅದರ ಪಾಲಿಯೆಸ್ಟರ್ ಕಾಲಕ್ರಮೇಣ ವಿಘಟನೆಯಾಗುತ್ತಿತ್ತು. ಮಾರುಕಟ್ಟೆಯಿಂದ ಹೋಯಿತು. ರೆಸಿನ್ ಸೀಲರ್‌ಗಳಿಗೆ ಇನ್ನೊಂದು ತೊಡಕು ಜಾಗದ ಆಕಾರ. ಅಂಟಿದ ಮೇಲ್ಮೈಗೂ ಅಂಟದ ಮೇಲ್ಮೈಗೂ ಇರುವ ಅನುಪಾತ, ನಾವು ಸಿ-ಫ್ಯಾಕ್ಟರ್ ಅನ್ನುವುದು, ಮಾಮೂಲಿ ಕುಳಿಯಲ್ಲಿ 1ರಿಂದ 5. ಉದ್ದ ತೆಳು ನಾಳದಲ್ಲಿ ಅದು ನೂರುಗಳಿಗೆ ಏರುತ್ತದೆ. ಕುಗ್ಗುವ ರೆಸಿನ್‌ಗೆ ಸರಿದು ಸಡಿಲಿಸಿಕೊಳ್ಳಲು ಜಾಗವೇ ಇರುವುದಿಲ್ಲ, ಎಲ್ಲಾದರೂ ಒಂದು ಕಡೆ ಬಿಟ್ಟುಕೊಳ್ಳುತ್ತದೆ.

ವರದಿಗಳು ಒಂದಕ್ಕೊಂದು ಹೊಂದದಿರುವುದಕ್ಕೆ ಕಾರಣ ಪರೀಕ್ಷೆಯ ರೀತಿಯಲ್ಲೇ ಇದೆ. ಕಿತ್ತ ಹಲ್ಲಿನ ಬೇರನ್ನು ಅಕ್ರಿಲಿಕ್‌ನಲ್ಲಿ ನೆಟ್ಟು, ಯಂತ್ರದ ಮೊನೆಯನ್ನು ನಾಳದ ಬಾಯಿಗಿಟ್ಟು, ಒಡೆಯುವವರೆಗೆ ಒಂದೇ ಸಲ ಒತ್ತುತ್ತಾರೆ. ಬೇರಿನ ದಪ್ಪ, ಹಲ್ಲು ಕೀಳಿಸಿಕೊಂಡವರ ವಯಸ್ಸು, ಹಲ್ಲನ್ನು ಇಟ್ಟಿದ್ದ ದ್ರಾವಣ, ಸುತ್ತ ಮೃದು ಪದರ ಇತ್ತೋ ಇಲ್ಲವೋ, ಇವೆಲ್ಲ ಸೀಲರ್‌ಗಿಂತ ಹೆಚ್ಚು ಅಂಕಿಯನ್ನು ಅಲ್ಲಾಡಿಸುತ್ತವೆ. ಬಾಯಲ್ಲಿ ಹಲ್ಲು ಮುರಿಯುವುದು ಒಂದೇ ದೊಡ್ಡ ಒತ್ತಿಗಲ್ಲ. ಸಣ್ಣ ಹೊರೆ ಲಕ್ಷಾಂತರ ಸಲ ಬಿದ್ದು ಬಿರುಕು ಬೆಳೆಯುತ್ತದೆ. ಆದ್ದರಿಂದ ಸೀಲರ್ ಆರಿಸುವುದು ಸೋರಿಕೆ ತಡೆಯಲು, ಬೇರಿನ ತುದಿಯ ಊತಕಕ್ಕೆ ಒಗ್ಗಲು, ಮತ್ತೆ ತೆಗೆಯಬೇಕಾದಾಗ ದಾರಿ ಸಿಗಲು. ಬಲಕ್ಕೆ ಅಂತ ಆರಿಸಬೇಡಿ.

ಬಯೋಸೆರಾಮಿಕ್ ಹಾಕುವುದಾದರೆ ನಾಳವನ್ನು ಬೂದಿಯಂತೆ ಒಣಗಿಸಬೇಡಿ. ಅದು ಗಟ್ಟಿಯಾಗುವುದೇ ಡೆಂಟಿನ್ ಕೊಳವೆಗಳ ತೇವದಿಂದ. ಪೇಪರ್ ಪಾಯಿಂಟ್‌ನಿಂದ ಹೀರಿಸಿ, ಆಲ್ಕೊಹಾಲ್ ಬೇಡ. ಎಪಾಕ್ಸಿ ಗಟ್ಟಿಯಾಗಲು ಈ ತೇವ ಬೇಕಿಲ್ಲ.

ಬೈಟ್‌ವಿಂಗ್

ನಾಳಶೋಧಕರ ಮಾತಿಗೆ ಒಂದು ಸೇರಿಸಬೇಕು. ತುಂಬುವ ವಸ್ತು ಬಲ ಕೊಡದೇ ಇರಬಹುದು, ತುಂಬುವ ರೀತಿ ಮಾತ್ರ ಇದ್ದ ಬಲವನ್ನೂ ಕಳೆಯುತ್ತದೆ.

ಪಕ್ಕದ ಒತ್ತುವಿಕೆ, ಅಂದರೆ ಲ್ಯಾಟರಲ್ ಕಂಡೆನ್ಸೇಶನ್ ಮಾಡುವಾಗ ಗಟ್ಟಾಪರ್ಚಾವನ್ನು ಪಕ್ಕಕ್ಕೆ ಒತ್ತುವ ಮೊನೆಯ ಸಲಕರಣೆ, ಸ್ಪ್ರೆಡರ್, ಬೆಣೆಯೇ ಸರಿ. ಕೆಳಬಾಚಿ ಹಲ್ಲಿನಂಥ ತೆಳು ಬೇರುಗಳಲ್ಲಿ 1.5 ಕೆ.ಜಿ. ಒತ್ತಿಗೇ ಉದ್ದುದ್ದ ಸೀಳು ಬಂದದ್ದು 1987ರಷ್ಟು ಹಿಂದೆಯೇ ಪ್ರಯೋಗಾಲಯದಲ್ಲಿ ದಾಖಲಾಗಿದೆ. ಹಿಡಿಕೆಯ ಸ್ಪ್ರೆಡರ್‌ನಲ್ಲಿ ಅಂಗೈ ಬಲ ಬೀಳುತ್ತದೆ. ಬೆರಳಲ್ಲಿ ಹಿಡಿಯುವ ನಿಕಲ್-ಟೈಟೇನಿಯಂ ಸ್ಪ್ರೆಡರ್ ಬಳಸಿ. ಕೆಳ ದವಡೆಹಲ್ಲಿನ ಮುಂಬೇರು ಮುಂದು-ಹಿಂದಾಗಿ ಚಪ್ಪಟೆ, ಅದರ ಹಿಂಬದಿಗೆ ಹೊರಗಿನಿಂದ ಒಂದು ತಗ್ಗೂ ಇದೆ. ಕವಲಿನ ಕಡೆಯ ಆ ಗೋಡೆಯನ್ನೇ ಅಪಾಯದ ವಲಯ ಅನ್ನುತ್ತೇವೆ. ಅಲ್ಲಿ ನಾಳದ ಬಾಯನ್ನು ಕೊರೆಯುವ ಗೇಟ್ಸ್ ಗ್ಲಿಡನ್‌ನಿಂದ ಅಗಲ ಮಾಡಿದ್ದರೆ ಒತ್ತುವ ಯೋಚನೆ ಬಿಟ್ಟುಬಿಡಿ. ಒಂದೇ ಕೋನ್, ಜೊತೆಗೆ ಬಯೋಸೆರಾಮಿಕ್ ಸೀಲರ್, ಇದರಲ್ಲಿ ಬೆಣೆ ಹೊಡೆಯುವ ಕೆಲಸವೇ ಇಲ್ಲ. ಬಯೋಸೆರಾಮಿಕ್‌ನಿಂದ ಬೇರಿಗೆ ನಿಜವಾಗಿ ಆಗುವ ಉಪಕಾರ ಇದೇ ಅಂತ ನನ್ನ ಅಭಿಪ್ರಾಯ.

ತೊಳೆಯುವ ದ್ರಾವಣಗಳನ್ನೂ ಲೆಕ್ಕಕ್ಕೆ ತಗೊಳ್ಳಿ. ಸೋಡಿಯಂ ಹೈಪೋಕ್ಲೋರೈಟ್ ಡೆಂಟಿನ್‌ನ ಕೊಲಾಜನ್ ತಿನ್ನುತ್ತದೆ. ಶೇ. 5.25ರ ದ್ರಾವಣದಲ್ಲಿ ಹೆಚ್ಚು ಹೊತ್ತು ಇಟ್ಟ ಡೆಂಟಿನ್ ಪಟ್ಟಿಗಳ ಬಾಗುಬಲ ಕುಸಿಯುತ್ತದೆ, ಶೇ. 0.5ರಲ್ಲಿ ಹಾಗಾಗುವುದಿಲ್ಲ. ಹಾಗಂತ ಸೋಂಕಿರುವ ನಾಳವನ್ನು ನೀರಾದ ದ್ರಾವಣದಲ್ಲಿ ತೊಳೆಯಿರಿ ಅನ್ನುತ್ತಿಲ್ಲ. ಸೋಂಕು ಉಳಿದರೆ ಬಲದ ಚರ್ಚೆಯೇ ವ್ಯರ್ಥ. ಶೇ. 17ರ ಇಡಿಟಿಎ (ಖನಿಜ ಕರಗಿಸುವ ದ್ರಾವಣ) ಒಂದು ನಿಮಿಷ ಸಾಕು. ಹತ್ತು ನಿಮಿಷ ಬಿಟ್ಟರೆ ಕೊಳವೆಗಳ ಸುತ್ತಲಿನ ಡೆಂಟಿನ್ ಸವೆದುಹೋಗುತ್ತದೆ. ಇಡಿಟಿಎ ಆದಮೇಲೆ ಮತ್ತೆ ಗಾಢ ಹೈಪೋಕ್ಲೋರೈಟ್ ಹೊತ್ತುಗಟ್ಟಲೆ ಬಿಡುವುದು ಇನ್ನೂ ಕೆಟ್ಟದ್ದು: ಖನಿಜದ ಹೊದಿಕೆ ತೆಗೆದು ಕೊಲಾಜನ್ ಬರಿದಾಗಿಸಿ, ಅದನ್ನು ಕರಗಿಸುವ ದ್ರಾವಣಕ್ಕೇ ಒಪ್ಪಿಸಿದಂತೆ.

ಕೋರ್ ವಿಷಯ ಎನಾಮಲ್ಲಯ್ಯ ಬರೆಯಲಿ, ಅವರ ಕ್ಷೇತ್ರ.

ಎನಾಮಲ್ಲಯ್ಯ

ಕರೆದಿದ್ದೀರಿ, ಬಂದೆ.

ಕೆಳದವಡೆಯವರೇ, ನಿಮ್ಮ ಮೂರನೇ ಪ್ರಶ್ನೆಗೆ ಮೊದಲು ಉತ್ತರ: ಬಿಡಬಾರದು. ಎರಡೂ ಅಂಚು ಹೋದ, ಪಲ್ಪ್ ಇಲ್ಲದ ದವಡೆಹಲ್ಲಿನಲ್ಲಿ ಕಸ್ಪ್ ಮುಚ್ಚಲೇಬೇಕು. ಕಂಪಾಸಿಟ್ ಗೋಡೆಗಳನ್ನು ಒಂದಕ್ಕೊಂದು ಕಟ್ಟುತ್ತದೆ ನಿಜ, ಹೊಸದಾಗಿ ಅಳೆದರೆ ಬಿಗುವು ಬಹುಪಾಲು ವಾಪಸ್ ಬಂದಂತೆ ಕಾಣುತ್ತದೆ. ಆದರೆ ಡೆಂಟಿನ್‌ಗೆ ಹಿಡಿದ ಬಾಂಡ್ ಸವೆಯುತ್ತದೆ. ನೀರು ಹೀರುತ್ತದೆ, ಕೊಲಾಜನ್ ಒಡೆಯುತ್ತದೆ, ಅಗಿದಾಗೆಲ್ಲ ಅದೇ ಸಂದಿಯ ಮೇಲೆ ಎಳೆತ. ಬಾಂಡ್ ಬಿಟ್ಟ ದಿನ ನಿಮ್ಮ 1.5 ಮಿ.ಮೀ. ಗೋಡೆ ಒಂಟಿ. ಪಲ್ಪ್ ತೆಗೆದ ಹಲ್ಲು ಹೊರೆಯನ್ನು ತಡವಾಗಿ ಗ್ರಹಿಸುತ್ತದೆ ಅನ್ನುವುದೂ ಸೇರಿಕೊಳ್ಳುತ್ತದೆ. 1986ರಲ್ಲಿ ರಾಂಡೊ ಮತ್ತು ಗ್ಲಾಂಟ್ಸ್ ತೋರಿಸಿದಂತೆ, ನೋವು ಅನಿಸುವ ಮೊದಲು ಅಂಥ ಹಲ್ಲಿನ ಮೇಲೆ ಬೀಳುವ ಹೊರೆ ಜೀವಂತ ಹಲ್ಲಿನ ಇಮ್ಮಡಿಗೂ ಮೇಲೆ.

ವಸ್ತುಗಳ ಬಗ್ಗೆ.

ಗ್ಲಾಸ್ ಅಯಾನೊಮರ್ ಹಲ್ಲಿಗೆ ರಾಸಾಯನಿಕವಾಗಿ ಅಂಟುತ್ತದೆ, ಫ್ಲೋರೈಡ್ ಬಿಡುತ್ತದೆ, ಕುಗ್ಗುವುದು ಕಮ್ಮಿ. ಆದರೆ ಎಳೆತಕ್ಕೆ ತಾಳದು, ಬೇಗ ಸೀಳುತ್ತದೆ. ನಾಳದ ಬಾಯಿಗೆ 1ರಿಂದ 2 ಮಿ.ಮೀ. ಮುಚ್ಚಳವಾಗಿ ಚೆನ್ನ, ಕೋರ್ ಆಗಿ ಬೇಡ. ಬೆಳ್ಳಿ ಬೆರೆಸಿದ ಬಗೆಯೂ ಇದನ್ನು ನೀಗಲಿಲ್ಲ. ರೆಸಿನ್ ಬೆರೆಸಿದ್ದು ತುಸು ಗಟ್ಟಿ, ಆದರೆ ನೀರು ಹೀರಿ ಉಬ್ಬುತ್ತದೆ. ದೊಡ್ಡ ಕೋರ್ ಮಾಡಿ ಮೇಲೆ ಸೆರಾಮಿಕ್ ಕ್ಯಾಪ್ ಕೂರಿಸಿದರೆ ಕ್ಯಾಪ್ ಬಿರಿಯುವ ಭಯವಿದೆ.

ಅಮಾಲ್ಗಮ್ ಒತ್ತಡಕ್ಕೆ ಗಟ್ಟಿ, ತೇವಕ್ಕೆ ಹೆದರುವುದಿಲ್ಲ. ನಾಳದ ಬಾಯಿಯೊಳಗೆ 2ರಿಂದ 4 ಮಿ.ಮೀ. ಇಳಿಸಿ ಕೋಣೆ ತುಂಬುವ ಕ್ರಮವನ್ನು 1980ರಲ್ಲಿ ನಯ್ಯರ್ ಮತ್ತು ಸಂಗಡಿಗರು ಪ್ರಕಟಿಸಿದ್ದು, ದವಡೆಹಲ್ಲಿಗೆ ಪೋಸ್ಟ್ (ನಾಳದೊಳಗೆ ಕೂರಿಸುವ ಕಡ್ಡಿ) ಬೇಕಿಲ್ಲ ಅನ್ನುವ ಪಾಠ ಗಟ್ಟಿಯಾದದ್ದು ಅದರಿಂದಲೇ. ಆದರೆ ಅಂಟುವುದಿಲ್ಲ. ಗೋಡೆಗಳ ನಡುವೆ ಕೂತಿರುತ್ತದೆಯೇ ಹೊರತು ಅವನ್ನು ಕಟ್ಟಿ ಹಾಕುವುದಿಲ್ಲ. ಕ್ಯಾಪ್‌ಗೆ ಅರೆಯಲು ಮರುದಿನದವರೆಗೆ ಕಾಯಬೇಕು.

ನಿಮ್ಮ ಹಲ್ಲಿಗೆ ನನ್ನ ಆಯ್ಕೆ ಚಿಕ್ಕ ಗಾಜುನಾರು ಬೆರೆತ ಕಂಪಾಸಿಟ್ ಒಳಗೆ, ಮಾಮೂಲಿ ಕಂಪಾಸಿಟ್ ಹೊರಗೆ. ನಾರಿನಿಂದ ಆಗುವುದು ಬಿರುಕು ತಡೆ: ಸೀಳು ನೇರ ಇಳಿಯದೆ ನಾರಿಗೆ ಸಿಕ್ಕಿ ಪಕ್ಕಕ್ಕೆ ತಿರುಗುತ್ತದೆ. ಪ್ರಯೋಗಗಳಲ್ಲಿ ಹೊರೆಯ ಅಂಕಿ ಏರಿದ್ದಕ್ಕಿಂತ ಮುರಿದ ಜಾಗ ಮುಖ್ಯ. ವಸಡಿನ ಮೇಲೆ ಮುರಿದರೆ ಮತ್ತೆ ಕಟ್ಟಬಹುದು, ಕೋಣೆಯ ತಳ ಸೀಳಿದರೆ ಹಲ್ಲು ಕೀಳುವುದೊಂದೇ.

ಮಾಡುವ ಕ್ರಮ ಹೀಗೆ. ಬಿಸಿ ಮೊನೆಯಿಂದ ಗಟ್ಟಾಪರ್ಚಾವನ್ನು ನಾಳದ ಬಾಯಿಗಿಂತ 1–2 ಮಿ.ಮೀ. ಕೆಳಗೆ ಕತ್ತರಿಸಿ. ಕೋಣೆಯ ಗೋಡೆಗೆ ಮೆತ್ತಿದ ಸೀಲರ್ ಬಾಂಡ್‌ಗೆ ಮೊದಲ ಶತ್ರು; ಎಪಾಕ್ಸಿಯಾದರೆ ಗಟ್ಟಿಯಾಗುವ ಮೊದಲೇ ಆಲ್ಕೊಹಾಲ್ ಹತ್ತಿಯಿಂದ, ಬಯೋಸೆರಾಮಿಕ್ ಆದರೆ ನೀರಿನಿಂದ ಒರೆಸಿ. ಆಮೇಲೂ 50 ಮೈಕ್ರಾನ್ ಅಲ್ಯೂಮಿನಾ ಪುಡಿಯನ್ನು ಗಾಳಿಯಲ್ಲಿ ಊದಿ, ಇಲ್ಲವೇ ಗುಂಡು ಬರ್‌ನಿಂದ ಮೇಲ್ಪದರ ಸವರಿ ಹೊಸ ಡೆಂಟಿನ್ ಕಾಣಿಸಿ. ಕೊನೆಗೆ ತೊಳೆದದ್ದು ಹೈಪೋಕ್ಲೋರೈಟ್ ಆದರೆ ಅದು ಉಳಿಸುವ ಆಮ್ಲಜನಕ ರೆಸಿನ್ ಗಟ್ಟಿಯಾಗದಂತೆ ತಡೆಯುತ್ತದೆ. ಶೇ. 10ರ ಸೋಡಿಯಂ ಆಸ್ಕಾರ್ಬೇಟ್ ಹಚ್ಚಿಟ್ಟು ತೊಳೆದರೆ ಆ ದೋಷ ತಗ್ಗುತ್ತದೆ. ಮೊದಲೇ ಹೇಳಿದಂತೆ ಮೇಲ್ಪದರ ಸವರಿ ಹೊಸ ಡೆಂಟಿನ್ ಕಾಣಿಸಿದ್ದರೂ ಅರ್ಧ ತೊಂದರೆ ಮುಗಿದಂತೆ.

ಎನಾಮಲ್‌ಗೆ ಮಾತ್ರ ಫಾಸ್ಫೋರಿಕ್ ಆಮ್ಲ 15ರಿಂದ 30 ಸೆಕೆಂಡು, ಡೆಂಟಿನ್‌ಗೆ ಎಂಡಿಪಿ ಎಂಬ ಅಂಟುವ ಅಣು ಇರುವ, ಬೇರೆ ಆಮ್ಲ ಬೇಡದ ಸೆಲ್ಫ್-ಎಚ್ ಬಾಂಡ್. ಉಜ್ಜುತ್ತಾ ಹಚ್ಚಿ, ಗಾಳಿಯಲ್ಲಿ ದ್ರಾವಕ ಪೂರ್ತಿ ಹಾರಿಸಿ. ಕೋಣೆಯ ತಳ ಕಂಪಾಸಿಟ್ ಗಟ್ಟಿ ಮಾಡುವ ದೀಪದ ತುದಿಯಿಂದ 8 ಮಿ.ಮೀ. ದೂರವಾದರೂ ಆಗಬಹುದು, ಅಲ್ಲಿಗೆ ತಲುಪುವ ಬೆಳಕು ಬಹಳ ಕಮ್ಮಿ. ಮೊದಲ ಪದರಕ್ಕೆ ಹೊತ್ತನ್ನು ಇಮ್ಮಡಿ ಮಾಡಿ. ಬೆಳಕೇ ಬೇಡವೆಂದು ತಾನಾಗಿಯೂ ಗಟ್ಟಿಯಾಗುವ ಡ್ಯುಯಲ್-ಕ್ಯೂರ್ ಕೋರ್ ಬಳಸುವವರು ಒಂದು ನೋಡಿಕೊಳ್ಳಿ: ಒಂದೇ ಬಾಟಲಿಯ ಆಮ್ಲೀಯ ಬಾಂಡ್ ಆ ಕೋರ್‌ನ ಅಮೈನನ್ನು ನಿಷ್ಕ್ರಿಯಗೊಳಿಸುತ್ತದೆ, ಸಂದಿಯ ಪದರ ಹಸಿಯಾಗೇ ಉಳಿಯುತ್ತದೆ. ಕೋರ್ ಗಡ್ಡೆಯಾಗಿ ಕಳಚಿ ಬರುವುದಕ್ಕೆ ಬಹಳ ಸಲ ಇದೇ ಕಾರಣ. ಅದಕ್ಕೆಂದೇ ಇರುವ ಆಕ್ಟಿವೇಟರ್ ಬೆರೆಸಬೇಕು.

ತಳದಲ್ಲಿ ತೆಳ್ಳನೆ ಫ್ಲೋಯಬಲ್ (ಹರಿಯುವ ಕಂಪಾಸಿಟ್), ಅರ್ಧ-ಒಂದು ಮಿ.ಮೀ. ಸಾಕು. ಮೊದಲು ಹೋದ ಅಂಚುಗಳನ್ನು ಮಾಮೂಲಿ ಕಂಪಾಸಿಟ್‌ನಿಂದ ಕಟ್ಟಿ ಎಂಒಡಿಯನ್ನು ಮೇಲ್ಮೈ ಕುಳಿಯಾಗಿಸಿಕೊಳ್ಳಿ. ಒಳಗೆ ನಾರಿನದ್ದನ್ನು ಓರೆಯಾಗಿ, ಒಂದು ಸಲಕ್ಕೆ ಎದುರುಬದುರಿನ ಎರಡು ಗೋಡೆಯನ್ನು ಒಟ್ಟಿಗೆ ಮುಟ್ಟದಂತೆ ಇಡಿ. ಒಮ್ಮೆಗೆ ದಪ್ಪ ಪದರ ತುಂಬಬಹುದಾದ ಬಲ್ಕ್ ಫಿಲ್ ಆದರೂ 4 ಮಿ.ಮೀ. ದಾಟಬೇಡಿ. ಮೇಲೆ 1.5–2 ಮಿ.ಮೀ. ಮಾಮೂಲಿ ಕಂಪಾಸಿಟ್ ಬೇಕೇ ಬೇಕು, ಯಾಕೆಂದರೆ ನಾರು ಹೊರಗೆ ಬಂದರೆ ಒರಟಾಗಿ ಬಣ್ಣ ಹಿಡಿಯುತ್ತದೆ.

ನಾಳಶೋಧಕ

ಎನಾಮಲ್ಲಯ್ಯನವರ ಕ್ರಮ ಒಪ್ಪುತ್ತೇನೆ. ಕಸ್ಪ್ ಮುಚ್ಚುವುದು ಅಂದರೆ ಪೂರ್ತಿ ಕ್ಯಾಪೇ ಅಂತ ಕೆಲವರು ಓದಿಕೊಳ್ಳುತ್ತಾರೆ, ಅಲ್ಲಿ ನನ್ನ ತಕರಾರು ಇದೆ.

ಅಕ್ವಿಲಿನೊ ಮತ್ತು ಕ್ಯಾಪ್ಲಾನ್ ಅವರ 2002ರ ಅಧ್ಯಯನದಲ್ಲಿ ಕ್ಯಾಪ್ ಇಲ್ಲದ ಹಲ್ಲುಗಳು ಕ್ಯಾಪ್ ಇದ್ದವಕ್ಕಿಂತ ಆರು ಪಟ್ಟು ವೇಗದಲ್ಲಿ ಹೋದವು. ಇದನ್ನು ಎಲ್ಲರೂ ಉದ್ಧರಿಸುತ್ತಾರೆ. ಆದರೆ ಅದು ಹಿಂದಿನ ದಾಖಲೆ ನೋಡಿದ ಅಧ್ಯಯನ. ಉಳಿಯುತ್ತದೆ ಅನಿಸಿದ ಹಲ್ಲಿಗೇ ವೈದ್ಯರು ಕ್ಯಾಪ್ ಹಾಕಿರುತ್ತಾರೆ, ಅನುಮಾನದ ಹಲ್ಲನ್ನು ಫಿಲ್ಲಿಂಗ್‌ನಲ್ಲೇ ಬಿಟ್ಟಿರುತ್ತಾರೆ. ಆರು ಪಟ್ಟಿನಲ್ಲಿ ಆ ಆಯ್ಕೆಯ ಪಾಲೂ ಇದೆ.

ಪೂರ್ತಿ ಕ್ಯಾಪ್‌ಗೆ ಸುತ್ತ ಅರೆದರೆ ಹಲ್ಲಿನ ಮೇಲ್ಭಾಗದ ಸುಮಾರು ಮೂರನೇ ಎರಡು ಭಾಗ ಪುಡಿಯಾಗಿ ಹೋಗುತ್ತದೆ. ಈ ಹಲ್ಲಿನಲ್ಲಿ ನಾಲಿಗೆ ಕಡೆ ಇರುವುದೇ 1.5 ಮಿ.ಮೀ. ಹೊರಗಿನಿಂದ 1 ಮಿ.ಮೀ. ಅರೆದರೆ ಉಳಿಯುವ ಅರ್ಧ ಮಿ.ಮೀ. ಗೋಡೆಯಲ್ಲ, ಸಿಪ್ಪೆ. ಫೆರೂಲ್, ಅಂದರೆ ಕ್ಯಾಪ್ ಸುತ್ತುವರಿದು ಹಿಡಿಯುವ ಹಲ್ಲಿನ ಪಟ್ಟಿ, ಅನ್ನುವುದಕ್ಕೆ ಕನಿಷ್ಠ 1.5ರಿಂದ 2 ಮಿ.ಮೀ. ಎತ್ತರ, 1 ಮಿ.ಮೀ. ದಪ್ಪದ ಡೆಂಟಿನ್ ಬೇಕು. ಆನ್ಲೇ (ಕಸ್ಪ್ ಮಾತ್ರ ಮುಚ್ಚುವ ಅರೆ ಹೊದಿಕೆ) ಮಾಡಿದರೆ ಹೊಡೆತ ಹೊರುವ ಕೆನ್ನೆ ಕಡೆಯ ಕಸ್ಪ್‌ಗಳನ್ನು 2 ಮಿ.ಮೀ., ನಾಲಿಗೆ ಕಡೆಯವನ್ನು 1.5 ಮಿ.ಮೀ. ತಗ್ಗಿಸಿ ಮೇಲಿನಿಂದ ಹೊದಿಸಿದರೆ ಸಾಕು. ಬುಡದ ಡೆಂಟಿನ್‌ಗೆ ಕೈ ಹಾಕುವ ಹಾಗಿಲ್ಲ. ಸುತ್ತ ಎನಾಮಲ್ ಅಂಚು ಸಿಗುತ್ತದೆ, ಬಾಂಡ್ ಬಾಳುವುದೇ ಅಲ್ಲಿ.

ಅಂಚು ವಸಡಿನ ಕೆಳಗೆ ಹೋಗಿ ಎನಾಮಲ್ ಇಲ್ಲದಿದ್ದರೆ, ಒಣಗಿಸಿಟ್ಟುಕೊಳ್ಳಲು ಆಗದಿದ್ದರೆ, ಆಗ ಪೂರ್ತಿ ಕ್ಯಾಪೇ ಸರಿ.

ಕೆಳದವಡೆ

ತುಂಬಾ ಉಪಯೋಗವಾಯಿತು. ಆನ್ಲೇ ಕಡೆಗೇ ಮನಸ್ಸಾಗಿದೆ. ಎರಡು ಸಣ್ಣ ಪ್ರಶ್ನೆ. ಹಿಂಬೇರಿನ ನಾಳ ಅಗಲವಾಗಿದೆ, ಫೈಬರ್ ಪೋಸ್ಟ್ ಹಾಕಿದರೆ ಬೇರಿಗೆ ಬಲ ಬರುತ್ತದೆಯಾ? ಆನ್ಲೇ ಬರುವವರೆಗೆ ತಾತ್ಕಾಲಿಕವಾಗಿ ಏನು ತುಂಬುವುದು?

ಎನಾಮಲ್ಲಯ್ಯ

ಪೋಸ್ಟ್ ಬಲ ಕೊಡುವುದಿಲ್ಲ, ಕೋರ್ ನಿಲ್ಲಲು ಬೇರೆ ಆಧಾರವೇ ಇಲ್ಲದಾಗ ಆಧಾರವಾಗುತ್ತದೆ ಅಷ್ಟೆ. ನಿಮ್ಮಲ್ಲಿ ಎರಡು ಗೋಡೆ, ಆಳವಾದ ಕೋಣೆ ಇದೆ. ಬೇಡ. ಅಗಲ ನಾಳ ಅಂದಿರಿ. ಪೋಸ್ಟ್ ಕೂರಿಸಲು ಅದನ್ನು ಇನ್ನಷ್ಟು ಕೊರೆದರೆ ಇರುವುದನ್ನೂ ಕಳಕೊಳ್ಳುತ್ತೀರಿ. ಮುಂದವಡೆ ಹಲ್ಲಿನಲ್ಲಿ ಒಂದೇ ಗೋಡೆ ಉಳಿದಿದ್ದರೆ ಮಾತು ಬೇರೆ. ಆಗ ತುದಿಯಲ್ಲಿ 4–5 ಮಿ.ಮೀ. ಗಟ್ಟಾಪರ್ಚಾ ಬಿಡಬೇಕು, ಪೋಸ್ಟ್‌ನ ಅಗಲ ಬೇರಿನ ಮೂರನೇ ಒಂದಕ್ಕಿಂತ ಹೆಚ್ಚಿರಬಾರದು. ಫೈಬರ್ ಪೋಸ್ಟ್‌ನ ಮಾಪಾಂಕ ಡೆಂಟಿನ್‌ಗೆ ಹತ್ತಿರ, ಸ್ಟೀಲಿನದ್ದು 200 ಗಿಗಾಪ್ಯಾಸ್ಕಲ್ ಆಸುಪಾಸು. ಫೈಬರ್ ಸೋತರೆ ಹೆಚ್ಚಾಗಿ ಕಳಚುತ್ತದೆ. ಸ್ಟೀಲ್ ಸೋತಾಗ ಬೇರು ಸೀಳಿರುವುದೇ ಹೆಚ್ಚು.

ಬೈಟ್‌ವಿಂಗ್

ತಾತ್ಕಾಲಿಕದ ಬಗ್ಗೆ: ನೀರು ಹೀರಿ ಗಟ್ಟಿಯಾಗುವ ಕ್ಯಾವಿಟ್ ಮಾದರಿಯದನ್ನು ಎಂಒಡಿಯಲ್ಲಿ ತುಂಬಬೇಡಿ. ಅದು ಗಟ್ಟಿಯಾಗುತ್ತಾ ಉಬ್ಬುತ್ತದೆ. ನಾಲ್ಕೂ ಗೋಡೆ ಇರುವ ಸಣ್ಣ ದಾರಿಯಲ್ಲಿ ಆ ಉಬ್ಬೇ ಸೋರಿಕೆ ತಡೆಯುತ್ತದೆ, ದಪ್ಪ ಕನಿಷ್ಠ 3.5 ಮಿ.ಮೀ. ಇರಬೇಕು. ಅಂಚಿಲ್ಲದ ಹಲ್ಲಿನಲ್ಲಿ ಅದೇ ಉಬ್ಬು ತೆಳು ಕಸ್ಪ್‌ಗಳನ್ನು ಹೊರಕ್ಕೆ ತಳ್ಳುತ್ತದೆ. ಯೂಜಿನಾಲ್ ಇರುವುದು ಬೇಡ, ಮುಂದೆ ರೆಸಿನ್ ಗಟ್ಟಿಯಾಗಲು ಅಡ್ಡಿ. ನಿಮಗೆ ತಾತ್ಕಾಲಿಕವೇ ಬೇಕಿಲ್ಲ: ನಾಳ ತುಂಬಿದ ದಿನವೇ ಎನಾಮಲ್ಲಯ್ಯ ಹೇಳಿದ ಕೋರ್ ಮುಗಿಸಿ. ಅಂದೇ ಕಸ್ಪ್‌ಗಳನ್ನೂ ತಗ್ಗಿಸಿ ಕಂಪಾಸಿಟ್‌ನಿಂದ ಮೇಲೆ ಮುಚ್ಚಿ, ಕಚ್ಚಿದಾಗ ಎದುರು ಹಲ್ಲು ಹಗುರವಾಗಿ ತಗಲುವಷ್ಟು ಸವರಿ ಕಳಿಸಿ. ಆನ್ಲೇ ತಡವಾದರೂ ಗೋಡೆ ಉಳಿಯುತ್ತದೆ.

ಆನ್ಲೇ ಅಂಟಿಸುವ ದಿನ ವಸಡಿನ ಸುತ್ತ ಪ್ರೋಬ್ (ಆಳ ಅಳೆಯುವ ಕಡ್ಡಿ) ನಡೆಸಿ. ಸುತ್ತಲೂ ಆಳ 2–3 ಮಿ.ಮೀ. ಇದ್ದು, ಒಂದೇ ಒಂದು ಕಡೆ ಸೂಜಿ ಹೋದಂತೆ ಕಿರಿದಾಗಿ, ಆಳಕ್ಕೆ ಇಳಿದರೆ ಅಂಟಿಸುವುದನ್ನು ನಿಲ್ಲಿಸಿ. ಬೇರು ಸೀಳಿರುವ ಸಾಧ್ಯತೆಯೇ ಹೆಚ್ಚು. ಎಕ್ಸ್-ರೇಯಲ್ಲಿ ತುದಿಯಿಂದ ಬೇರಿನ ಪಕ್ಕಕ್ಕೆ ಹತ್ತಿ ಬರುವ ಕೊಕ್ಕೆಯಾಕಾರದ ಕಪ್ಪು ನೆರಳು ಕಂಡರೆ ಅನುಮಾನ ಗಟ್ಟಿಯಾಯಿತು. ಮೂರು ಆಯಾಮದ ಎಕ್ಸ್-ರೇ ಸ್ಕ್ಯಾನ್ ಆದ ಸಿಬಿಸಿಟಿಯಲ್ಲಿ ಗಟ್ಟಾಪರ್ಚಾದ ಪಕ್ಕ ಸುಳ್ಳು ಗೆರೆಗಳು ಮೂಡುತ್ತವೆ, ಅದೊಂದನ್ನೇ ನಂಬಿ ಹಲ್ಲು ಕೀಳಬೇಡಿ. ವಸಡು ಬಿಡಿಸಿ ಬಣ್ಣ ಹಚ್ಚಿ ಕಣ್ಣಾರೆ ನೋಡಿ.